ಕರಿ ಕಾಗದದ ಪಟ್ಟಿ

ಗುಳೇದಗುಡ್ಡದಾಗ ರಾಚಪ್ಪ ಕಾವಡಿಮಟ್ಟಿಯವ್ರ
ಖಣದಂಗಡಿ ಮುಚ್ಚೂ ವಾರ
ಸೂಜಿಮಲ್ಲಿಗಿ ಖಣದ ಮಡಿಕಿಯೊಳಗಿಂದ
ಒಂದು ಗೊರಿಲ್ಲಾ ಬಿತ್ತು.

ಬಟ್ಟಿ ಸೆಟದು ನಿಲ್ಲಲಿ ಅಂತ
ಒಳಗ ದಪ್ಪನ್ನ ಕಾರ್ಡು ಇಡತಿದ್ರಂತ.
ಟಾಕೀಜಿನಿಂದ ಕಿಲೋ ಲೆಕ್ಕದಾಗ ತಂದದ್ದು,
ಮುಂಜಾನಿ ಆಟದ ಫೋಟೋ ಕಾರ್ಡು,
ವಿತರಕರಿಗೆ ಹಿಂದಕ ಕಳಸದ ಉಳದವು.
ವಿಲಾಯತಿಯಾಗ ಎಂದೋ ಸವದು
ಮೂವತ್ತು ವರ್ಷ ತಡಾ ಮಾಡಿ ನಮ್ಮೂರಿಗೆ ಬಂದ
ಕಾಡಿನ ಪಿಚ್ಚರು, ದೆವ್ವದ ಪಿಚ್ಚರು,
'ಲಗ್ನಾದವ್ರು ನೋಡಲೇಬೇಕಾದ' ಪಿಚ್ಚರು.

ಎಷ್ಟು ಮಂದಿ ಮುತ್ತೈದೇರು
ಉಡಿಯೊಳಗ ಅಕ್ಕಿ, ಕೊಬ್ಬರಿ ಬಟ್ಟಲ, ಐದು ಉತ್ತತ್ತಿ,
ಮತ್ತ ಗಿಡಕ್ಕ ಕಟ್ಟಿಹಾಕಿದ ಬಿಳಿ ಹೆಂಗಸೊಬ್ಬಾಕಿನ್ನ
ಗೊತ್ತಿಲ್ಲದ ಹೊತಗೊಂಡು ಮನಿಗೆ ಹೋದ್ರೋ!

ಅವತ್ತಿನಿಂದ ನಾ ಮಂದಿ ಟ್ರಂಕು ತಗಸಾಕಿ.
'ಯಕ್ಕಾ, ಹೊಲಸದ ಇಟ್ಟ ಖಣಾ ಐತೇನು?'
ಕೆಲವ್ರು ಚಾ ಕೊಡತಾರ.
ಕೆಲವ್ರು ಬಾಗಲಾ ಹಾಕತಾರ.
ಕೆರೂರಿನ ನೀಲವ್ವ, ಎಂಬತ್ತು ದಾಟಿದಾಕಿ,
ಆನೆಹೆಜ್ಜಿ ಖಣದಿಂದ ಹೊರಬಿದ್ದ ಕುಣಿಯೂ ಹುಡುಗಿನ್ನ
ಕನ್ನಡಕ ಏರಿಸಿ ನೋಡಿ, ಒಂದು ಗಳಿಗಿ ಬಿಟ್ಟು ಅಂದ್ಲು:
'ನನ್ನ ಟ್ರಂಕಿನಾಗ ಇಕಿ ಸುಖದಿಂದ ಬಾಳೇ ಮಾಡ್ಯಾಳ ತಗಿ,
ನನಗಿಂತಾ ಛಲೋ.'

ಅರವತ್ತೊಂದು ಆದವು.
ಡಾಂಬರ ಗುಳಿಗಿ ಹಾಕಿ, ಬೂಟಿನ ಡಬ್ಬಿಯೊಳಗ.
'ಇಂಥಾ ಹೊಲಸು ಯಾಕ ಕೂಡಸ್ತೀ' ಅಂತಾಳ ಮಗಳು.
ಏನು ಹೇಳಲಿ.
ಅಪ್ಪ ಆ ಟಾಕೀಜಿನ ಗೇಟಿನಾಂವ.

ಗುರುವಾರ ರಾತ್ರಿ ಹುಬ್ಬಳ್ಳಿ ಬಸ್ಸಿನ ಟಪ್ಪಿನ ಮ್ಯಾಲ
ರೀಲಿನ ಪೆಟಗಿ ಬರತಿತ್ತು, ಜೋಡಿಗೆ ಕಾರ್ಡಿನ ಲಕೋಟಿ.
ಅಪ್ಪ ಮೈದಾ ಅಂಟು ಕುದಸಾಂವ.
ನಾ ಎಂಟು ವರ್ಷದಾಕಿ, ಮೊಂಡ ಕತ್ತರಿ,
ಹಳೇ ಆಲ್ಬಮ್ಮಿನ ಕರಿ ಹಾಳಿ.
'ಬೆರಳಿನಷ್ಟು ಉದ್ದ ಕತ್ತರಸು. ಮೂಲಿ ದುಂಡಗ ಮಾಡು.'
ಯಾಕಪ್ಪಾ?
'ಫೋಟೋಕ್ಕ ಮಳಿ ಬಡೀಬಾರ್ದು ನೋಡು.'
ನನಗ ಬೆನ್ನ ಮಾಡಿ, ಚಿಮಣಿ ಬುಡ್ಡಿ ಕಡೆ ಮುಖಾ ಮಾಡಿ ಅಂಟಸಾಂವ.
ಸಾಲ್ಯಾಗ ನಾ ಎಲ್ಲಾರಿಗೂ ಹೇಳಿದ್ದೆ:
ನಾವು ಫೋಟೋಕ್ಕ ಕೊಡಿ ಮಾಡತೀವಿ.

ಕುಣಿಮಗ್ಗದಾಗ ಕುಂತ ಅವ್ವ ಏನೂ ಅಂದಾಕಿ ಅಲ್ಲ.
ಶುಕ್ರವಾರ ಮಾತ್ರ ಅಪ್ಪನ ಅಂಗಿ
ಬ್ಯಾರೆ ಬಕೀಟಿನಾಗ ನೆನಸತಿದ್ಲು.

ಹೋದ ವರ್ಷ ಕೊಲ್ಹಾಪುರದಿಂದ ಒಬ್ಬಾಂವ ಬಂದಿದ್ದ, ಘೋರ್ಪಡೆ,
ಕಣ್ಣಿಗೆ ಭೂತಗನ್ನಡಿ ಹಿಡದು ಕಾರ್ಡು ನೋಡಾಂವ.
ಪಟ್ಟಿ ಕಿತ್ತರ ಎರಡಪಟ್ಟು ರೊಕ್ಕ ಅಂದ.
ಇವು ಮಾರಾಕಲ್ಲರೀ, ಅಂದೆ.
ನನಗ ಅವಾಗ ಗೊತ್ತಿತ್ತೇನು ಅದರ ಕೆಳಗ ಏನೈತಿ ಅಂತ?

ಈ ಆಷಾಢದ ಥಂಡಿಗೆ
ಐವತ್ತು ವರ್ಷದ ಅಂಟಿನ ಜೀವಾ ಹೋತು.
ಗೊರಿಲ್ಲಾನ ಕೈಯಾಗ ಇದ್ದಾಕಿಯ ಎದಿ ಮ್ಯಾಲಿನ ಪಟ್ಟಿ
ತಾನಽ ಎದ್ದು, ತಾನಽ ಉದುರಿತು.

ತುಂಬು ತೋಳಿನ ಜಂಪರು.
ಕುತಗಿತನಾ ಗುಂಡಿ.

ಚಾದ ಉಗಿ ಹಿಡದು ಇನ್ನೊಂದು ಎಬಿಸಿದೆ: ಮಳಿಕೋಟು.
ಮತ್ತೊಂದು: ಕಂಬಳಿ ಹೊದ್ದ ನರ್ಸಬಾಯಿ.
ಕುಣಿಯೂ ಹುಡುಗಿಗೆ ಪಟ್ಟಿ ಬಿದ್ದದ್ದು
ಬರೇ ಒಂದು ಹೂವಿನ ಬುಟ್ಟಿ ಮ್ಯಾಲ.
ಒಂಬತ್ತು ಎಬಿಸಿದೆ. ಒಂಬತ್ತರ ಕೆಳಗೂ ಏನೂ ಇಲ್ಲ.

ನೆನಪಾತು, ಗಾಜಿನ ಪೆಟಗಿ ಮುಂದಿನ ಗದ್ದಲ,
ಮಗ್ಗದ ಹುಡುಗರು, ಬಣ್ಣದ ಮನಿಯವ್ರು, ಮಾಸ್ತರನೂ ಒಬ್ಬ,
ಯಾರೂ ಮುಖಾ ನೋಡವ್ರಲ್ಲ, ಹುಲಿ ನೋಡವ್ರಲ್ಲ,
ಕರಿ ಪಟ್ಟಿಗೇ ಮೂಗು ಹಚ್ಚಿ ನಿಂತಿರೋರು,
ಕಿಸೇದಾಗ ಮುಕ್ಕಾಲು ರೂಪಾಯಿ ಬೆವರಸಕೊಂತ.

ಅಪ್ಪಾ, ಎಂಥಾ ಕಳ್ಳನಪ್ಪಾ ನೀ.
ಒಲಿ ಮುಂದ ಒಬ್ಬಾಕೀನ ಕುಂತು ನಕ್ಕೆ, ಕೆಮ್ಮು ಬರೂತನಾ.
ಆಮ್ಯಾಲ ಆ ಬಕೀಟು ನೆನಪಾತು.
ಅವ್ವಗ ನೀ ಇದನ್ನ ಹೇಳಿದ್ಯೋ ಇಲ್ಲೋ?

ರಾತ್ರಿ ಮೈದಾ ಕುದಿಸಿ
ಎಲ್ಲಾ ಪಟ್ಟಿ ತಿರಗಿ ಅಂಟಿಸಿದೆ.
ಮೊಂಡ ಕತ್ತರಿಯ ಹಲ್ಲು ಅಂಚಿನಾಗ ಇನ್ನೂ ಕಾಣತಾವ,
ನನ್ನವ ಅವು.

ಒಂದು ಪಟ್ಟಿ ಉಳೀತು.
ಯಾವ ಕಾರ್ಡಿಂದೋ ಲೆಕ್ಕ ಹತ್ತವಲ್ದು.
ಮೂಲಿ ದುಂಡಗ ಮಾಡೂದು ಮರತದ್ದು ಅದು.
ಚಸ್ಮಾದ ಡಬ್ಬಿಯೊಳಗ ಇಟ್ಟೀನಿ.